ಸಂತೆಯ ದಿನ ಹತ್ತು ಗುಳಿಗೆ

ಸರ್ಕಾರಿ ಆಸ್ಪತ್ರೆಯ ಔಷಧದ ಕಿಟಕಿಯ ಹಿಂದೆ ಹೊಸದಾಗಿ ಕೂರಲು ಬಂದಿರುವ ಮಕ್ಕಳೇ, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಆ ಕಿಟಕಿಯಿಂದ ರೋಗಿ ಕಾಣುವುದಿಲ್ಲ, ರೋಗಿಯ ಕೈ ಕಾಣುತ್ತದೆ. ಬಳೆ ಇದ್ದರೆ ಹೆಂಗಸು, ಕೈಗಡಿಯಾರ ಇದ್ದರೆ ನೌಕರ, ಎರಡೂ ಇಲ್ಲದೆ ಬರೀ ಅವಸರ ಇದ್ದರೆ ಪುಢಾರಿಯ ಕಡೆಯವನು. ಕೈ ಚೀಟಿ ಕೊಡುತ್ತದೆ, ನಾವು ಗುಳಿಗೆ ಕೊಡುತ್ತೇವೆ, ಕೈ ಹೋಗುತ್ತದೆ. ಇದಕ್ಕೆ ಸರ್ಕಾರ ‘ಔಷಧ ವಿತರಣೆ ಮತ್ತು ಸಲಹೆ’ ಎಂದು ಹೆಸರಿಟ್ಟಿದೆ. ವಿತರಣೆ ನಾನು ನೋಡಿದ್ದೇನೆ. ಸಲಹೆಯ ಕಥೆ ಈಗ ಹೇಳುತ್ತೇನೆ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲೂಕುಗಳ ನೀರು ಕುಡಿದು ಹೋದ ವರ್ಷ ನಿವೃತ್ತನಾದೆ. ಯಾವ ಘಟನೆ ಯಾವ ಊರಿನ ಆಸ್ಪತ್ರೆಯದು ಎಂದು ಹೇಳುವುದಿಲ್ಲ. ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ, ಉಳಿದ ಮೂರು ಊರಿನವರು ‘ನಮ್ಮಲ್ಲೆ ಹಂಗ ಇಲ್ಲಪಾ’ ಎಂದು ಮೀಸೆ ತಿರುವುತ್ತಾರೆ. ಬಡ್ತಿಯ ವಿಷಯವನ್ನೂ ಬರೆಯುವುದಿಲ್ಲ. ಎರಡು ಸಲ ಬಡ್ತಿ ಸಿಕ್ಕಿತು, ಎರಡು ಸಲವೂ ಅದೇ ಕುರ್ಚಿ, ಅದೇ ಕಿಟಕಿ. ಕಿಟಕಿಯ ಆಚೆ ಅದೇ ಬೈಗುಳ.

ಸಕ್ಕರೆ ಕಾಯಿಲೆಯವರು, ಬಿಪಿಯವರು ಆಸ್ಪತ್ರೆಗೆ ಬೀಗರ ಮನೆಗೆ ಬಂದ ಹಾಗೆ ಮಾತಾಡುತ್ತಾ ಬರುತ್ತಾರೆ. ಕೂದಲು ಉದುರಿದವರು ಮಾತ್ರ ಕಳ್ಳರ ಹಾಗೆ ಬರುತ್ತಾರೆ. ಗಂಡಸಾದರೆ ಟೋಪಿ, ಹೆಂಗಸಾದರೆ ಹಣೆಯವರೆಗೆ ಎಳೆದ ಸೆರಗು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ನಾವು ನಗುತ್ತೇವಲ್ಲ, ಆ ಗಾದೆ ಕಟ್ಟಿದವನಿಗೆ ಜುಟ್ಟು ಭದ್ರವಾಗಿ ಇದ್ದಿರಬೇಕು. ನಾಣ್ಯದಷ್ಟು ಅಗಲಕ್ಕೆ ಒಂದೇ ವಾರದಲ್ಲಿ ಕೂದಲು ಹೋಗಿ, ಚರ್ಮ ಮೊಟ್ಟೆಯ ಹಾಗೆ ನುಣ್ಣಗಾದವನಿಗೆ ಆ ಗಾದೆ ಹೇಳಿ ನೋಡಿ.

ನಮ್ಮ ಕಡೆ ಅದಕ್ಕೆ ‘ಹುಳ ತಿಂದೈತಿ’ ಎನ್ನುತ್ತಾರೆ. ತೊರಗಲ್ ಕಡೆಯ ಒಬ್ಬ ಗೌಡರಿಗೆ ಆ ಹುಳ ಮೀಸೆಯನ್ನೇ ತಿಂದಿತ್ತು, ಅದೂ ಬಲಗಡೆಯದನ್ನು ಮಾತ್ರ. ಎಡಗಡೆ ಇನ್ನೂ ನಿಂಬೆಹಣ್ಣು ನಿಲ್ಲಿಸುವ ಹಾಗಿತ್ತು. ಕಿಟಕಿಗೆ ಬಾರದೆ ಹಿಂದಿನ ಬಾಗಿಲಿನಿಂದ ನೇರ ನನ್ನ ಕೋಣೆಗೆ ಬಂದು ಕರವಸ್ತ್ರ ತೆಗೆದರು.

“ಹುಳಾ ಎಲ್ಲೈತಿ ತೋರಸ್ರಿ. ಚಿಮಟಾ ಹಾಕಿ ಹಿಡದ ತಗೀರಿ ಹೊರಗ.”

“ಹುಳಾ ಇಲ್ರಿ ಗೌಡ್ರ. ನಮ್ಮ ಮೈ ಕಾಯಾಕ ರಕ್ತದಾಗ ಕಾವಲುಗಾರ್ರು ಇರ್ತಾರ. ಅವರು ನಿಮ್ಮ ಮೀಸಿ ಬೇರನ್ನ ಹೊರಗಿನಾಂವ ಬಂದಾನ ಅಂತ ತಿಳಕೊಂಡು ಬಡ್ಯಾಕ ಹತ್ಯಾರ.”

“ಅಂದ್ರ ನನ್ನ ಮಂದೀನ ನನ್ನ ಮೀಸಿ ಕಿತ್ತಾರಂತೀರಿ?”

“ಹೌದ್ರಿ.”

ಗೌಡರು ಕರವಸ್ತ್ರವನ್ನು ಮತ್ತೆ ಮೀಸೆಗೆ ಹಿಡಿದರು. “ಹಂಗಾರ ಇದು ಭಾವಕಿ ಜಗಳ ಬಿಡ್ರಿ” ಎಂದರು.

ಅಣ್ಣತಮ್ಮಂದಿರ ಮನೆತನಗಳ ನಡುವೆ ಹೊಲದ ಬದುವಿಗಾಗಿ ನಡೆಯುವ ಜಗಳಕ್ಕೆ ನಮ್ಮಲ್ಲಿ ಭಾವಕಿ ಎನ್ನುತ್ತಾರೆ. ಎಂದು ಏಳುತ್ತದೋ ಗೊತ್ತಿಲ್ಲ, ತಾನಾಗಿ ತಣ್ಣಗಾಗುತ್ತದೆ, ಹತ್ತು ವರ್ಷ ಬಿಟ್ಟು ಮತ್ತೆ ಏಳುತ್ತದೆ. ನಮ್ಮ ಪುಸ್ತಕದಲ್ಲಿ ನಾಲ್ಕು ಪುಟ ಬರೆದು ತಿಳಿಸಲಾಗದ್ದನ್ನು ಗೌಡರು ಎರಡು ಶಬ್ದದಲ್ಲಿ ಮುಗಿಸಿದರು. ಆಮೇಲೆ ನಾನೂ ಎಲ್ಲರಿಗೂ ಹಾಗೆಯೇ ಹೇಳುತ್ತಿದ್ದೆ, ಗೌಡರ ಹೆಸರು ಮಾತ್ರ ಹೇಳುತ್ತಿರಲಿಲ್ಲ.

ತಿಳಿದದ್ದು ಒಂದು, ಮಾಡಿದ್ದು ಇನ್ನೊಂದು. ಡಾಕ್ಟರು ಬರೆದ ಸ್ಟಿರಾಯ್ಡ್ ಮುಲಾಮು ಕೊಟ್ಟರೆ ಗೌಡರು ಏಳು ಪ್ರಶ್ನೆ ಕೇಳಿದರು. ಬಾಧಿ ಆಗತೈತೇನು, ಉಷ್ಣ ಏನು, ಕಣ್ಣಿಗೆ ಹೊಡೀತೈತೇನು, ಊಟದಾಗ ಪಥ್ಯ ಏನು? ಎಲ್ಲಕ್ಕೂ ಉತ್ತರ ಕೇಳಿಕೊಂಡು ಮನೆಗೆ ಹೋಗಿ ಮುಲಾಮನ್ನು ಗೋಡೆಯ ಮಾಡದಲ್ಲಿ ಇಟ್ಟರು. ಆಮೇಲೆ ಯಾರೋ ಹೇಳಿದರೆಂದು, ಬಟ್ಟೆಗೆ ಗುರುತು ಹಾಕುವ ಕೇರುಬೀಜದ ಎಣ್ಣೆಯನ್ನು ತುಟಿಯ ಮೇಲೆ ಸವರಿಕೊಂಡರು. ಅದಕ್ಕೆ ಒಂದೂ ಪ್ರಶ್ನೆ ಕೇಳಲಿಲ್ಲ. ತುಟಿ ಬದನೆಕಾಯಿಯಷ್ಟಾಗಿ ಮೂರು ದಿನ ಗಂಜಿ ಕುಡಿದರು. ಇದನ್ನು ಬರೆದಿಟ್ಟುಕೊಳ್ಳಿ: ನಮ್ಮ ಜನ ಚೀಟಿ ಅಂಟಿಸಿದ ಬಾಟಲಿಗೆ ಹೆದರುತ್ತಾರೆ, ಚೀಟಿ ಇಲ್ಲದ ಬಾಟಲಿಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ಮೂರ್ನಾಲ್ಕು ತಿಂಗಳಿಗೆ ಮೀಸೆ ತಾನಾಗಿಯೇ ಬಂತು. ಕೂದಲು ಹೋದ ಮಚ್ಚೆ ಸಣ್ಣದಾಗಿದ್ದರೆ ಹಲವರಿಗೆ ಹಾಗೆಯೇ ಬರುತ್ತದೆ. ಆದರೆ ಆ ವಾರ ಗೌಡರು ತುಟಿಯ ಮೇಲೆ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ತಿಕ್ಕುತ್ತಿದ್ದರು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು. ಒಂದು ಚೀಲ ಉಳ್ಳಾಗಡ್ಡಿ ತಂದು ನನ್ನ ಮೇಜಿನ ಹತ್ತಿರ ಇಳಿಸಿ, “ನಿಮ್ಮ ಸರಕಾರಕ್ಕ ಕಳಸ್ರಿ, ಕಲೀಲಿ” ಎಂದು ಹೋದರು. ಸರ್ಕಾರ ಕಲಿಯಲಿಲ್ಲ, ನಮ್ಮ ಮನೆಯಲ್ಲಿ ಎರಡು ತಿಂಗಳು ಉಳ್ಳಾಗಡ್ಡಿ ಪಲ್ಯವಾಯಿತು.

ನಾನು ಕೆಲಸಕ್ಕೆ ಸೇರಿದಾಗ ನಾವೂ ಗೌಡರಿಗಿಂತ ಬಹಳ ಮುಂದೆ ಇರಲಿಲ್ಲ ಎನ್ನುವುದನ್ನೂ ಹೇಳಬೇಕು. ಬಿಳಿ ಹಂಚಿನ ಮೇಲೆ ಮುಲಾಮು ಕಲಸಿ ಕೊಡುತ್ತಿದ್ದೆವು. ಹಚ್ಚಿದರೆ ಚರ್ಮ ಕೆಂಪಾಗಿ ಉರಿಯಬೇಕು, ಆ ಉರಿಗೆ ಕೂದಲು ಬರಬೇಕು, ಇದು ಲೆಕ್ಕ. ಉರಿ ಮಾತ್ರ ತಪ್ಪದೆ ಬರುತ್ತಿತ್ತು. ಆಮೇಲೆ ಸ್ಟಿರಾಯ್ಡ್ ಟ್ಯೂಬುಗಳು ಬಂದವು. ತಲೆಗೆಂದು ಒಯ್ದದ್ದನ್ನು ಮನೆಯ ಸೊಸೆಯಂದಿರು ಬೆಳ್ಳಗಾಗಲಿಕ್ಕೆಂದು ಮುಖಕ್ಕೆ ಹಚ್ಚಿ, ಕೆನ್ನೆ ತೆಳ್ಳಗಾಗಿ ನರ ಕಾಣಿಸಿಕೊಂಡು ಅತ್ತೆಯ ಹಿಂದೆ ಅಡಗಿ ಬರುತ್ತಿದ್ದರು. ಆಮೇಲೆ ನೆತ್ತಿಗೆ ಬಿಡುವ ಹನಿ ಔಷಧ ಬಂತು. ಅದು ಹಣೆಗಿಳಿದು ಅಲ್ಲಿಯೂ ಕೂದಲು ಬಂದವು. ಬೇಕಾದಲ್ಲಿ ಬಾರದ್ದು ಬೇಡವಾದಲ್ಲಿ ಬರುವುದು ಔಷಧಕ್ಕೂ ರೂಢಿ, ನಮ್ಮ ಇಲಾಖೆಗೂ ರೂಢಿ.

ನನ್ನ ನೌಕರಿಯ ಕೊನೆಯ ವರ್ಷಗಳಲ್ಲಿ ವಾರಕ್ಕೊಮ್ಮೆ, ಗುರುವಾರ, ಒಬ್ಬ ಚರ್ಮದ ಡಾಕ್ಟರು ಬರತೊಡಗಿದರು. ವಯಸ್ಸಿನಲ್ಲಿ ನನ್ನ ಮಗಳಷ್ಟು. ಎಲ್ಲರೂ ಬಾಯಾರು, ಅಂದರೆ ಅಮ್ಮಾವ್ರು, ಎಂದೇ ಕರೆಯುತ್ತಿದ್ದೆವು. ಅವರು ಬಂದ ಮೇಲೆ ಮಚ್ಚೆಯೊಳಗೇ ಸಣ್ಣ ಸೂಜಿಯಿಂದ ಸ್ಟಿರಾಯ್ಡ್ ಹಾಕುವುದು ಶುರುವಾಯಿತು. “ತಲಿಗೆ ಸೂಜಿ ಚುಚ್ಚಿದ್ರ ಮೆದುಳಿಗೆ ಹೋಗೂದಿಲ್ಲೇನ್ರಿ?” ಎಂದು ಕೇಳಿದವನಿಗೆ ಬಾಯಾರು ನಗದೆ ಉತ್ತರ ಕೊಟ್ಟರು. ನನಗೆ ಆ ತಾಳ್ಮೆ ಯಾವತ್ತೂ ಇರಲಿಲ್ಲ.

ಒಂದು ಗುರುವಾರ ಕಾಲೇಜಿನ ಒಬ್ಬ ಮೇಷ್ಟ್ರು ಬಂದರು. ತಲೆ, ಹುಬ್ಬು, ರೆಪ್ಪೆ ಎಲ್ಲ ಹೋಗಿದ್ದವು. ಫೋನಿನಲ್ಲಿ ಹೊಸ ಗುಳಿಗೆಯ ವಿಡಿಯೊ ಹಿಡಿದುಕೊಂಡಿದ್ದರು. ಬಾಯಾರು ಮುಚ್ಚುಮರೆ ಮಾಡಲಿಲ್ಲ. ಈ ಗುಳಿಗೆ ಆ ಕಾವಲುಗಾರರ ಕೈಯನ್ನೇ ಕಟ್ಟುತ್ತದೆ, ಆದ್ದರಿಂದ ಸೋಂಕು ಬೇಗ ಹತ್ತಬಹುದು. ಮೊದಲು ಕ್ಷಯದ ಪರೀಕ್ಷೆ ಆಗಬೇಕು, ಲಿವರು, ರಕ್ತದ ಕೊಬ್ಬು ಆಗಾಗ ನೋಡಬೇಕು. ಕೆಲವರಿಗೆ ಚೆನ್ನಾಗಿ ಬರುತ್ತದೆ, ಕೆಲವರಿಗೆ ಬರುವುದಿಲ್ಲ, ಬಂದವರಿಗೂ ಗುಳಿಗೆ ಬಿಟ್ಟರೆ ಮತ್ತೆ ಉದುರಬಹುದು ಎಂದರು.

“ಇಷ್ಟೆಲ್ಲಾ ಹೇಳಿ ಮ್ಯಾಲ ತಗೋ ಅಂತೀರಲ್ರೀ!”

“ತಗೋರಿ ಅನ್ನಾಕ ಹತ್ತಿಲ್ರಿ ಸರ. ತಿಳಕೊಂಡು ನಿರ್ಧಾರ ಮಾಡ್ರಿ ಅನ್ನಾಕ ಹತ್ತೇನಿ.”

ಮೇಷ್ಟ್ರು ಎರಡು ವಾರ ಯೋಚಿಸಿ ಏನೂ ಬೇಡವೆಂದರು, ಟೋಪಿಯನ್ನೂ ತೆಗೆದಿಟ್ಟು ಕಾಲೇಜಿಗೆ ಹೋದರು. ಮೊದಲ ದಿನ ಹುಡುಗರು ನಕ್ಕರು, ಎರಡನೆಯ ದಿನ ಅಡ್ಡಹೆಸರಿಟ್ಟರು, ಮೂರನೆಯ ದಿನ ಪರೀಕ್ಷೆ ಇತ್ತು. ಏನೂ ತೆಗೆದುಕೊಳ್ಳದಿರುವುದೂ ಒಂದು ದಾರಿ ಎನ್ನುವುದು ನನಗೆ ಅವರಿಂದ ತಿಳಿಯಿತು. ನಮ್ಮ ಕಿಟಕಿಯಲ್ಲಿ ಅದನ್ನು ಕಟ್ಟಿಕೊಡಲು ಪಾಕೀಟು ಇಲ್ಲ, ಅಷ್ಟೇ.

ಈಗ ನನ್ನ ಪ್ರತಾಪಕ್ಕೆ ಬರುತ್ತೇನೆ. ನಮ್ಮ ಮುಖ್ಯ ವೈದ್ಯಾಧಿಕಾರಿ, ಅಂದರೆ ಸಾಹೇಬರು, ರೋಗಿಗಿಂತ ರಜಿಸ್ಟರನ್ನು ಹೆಚ್ಚು ಪ್ರೀತಿಸುವವರು. ರಜಿಸ್ಟರ್ ಆರೋಗ್ಯವಾಗಿದ್ದರೆ ತಾಲೂಕು ಆರೋಗ್ಯವಾಗಿದೆ ಎಂದು ಅವರ ನಂಬಿಕೆ. ಅವರಿಗೆ ನಾನು ಬಹಳ ಬೇಕಾದವನಾಗಿದ್ದೆ. ಕಾರಣ, ನನ್ನ ‘ಸಂತೆ ಲೆಕ್ಕ’.

ವಾರಕ್ಕೆ ಒಂದೋ ಎರಡೋ ದಿನ ಮಾತ್ರ ನುಂಗುವ ಗುಳಿಗೆಗಳಿರುತ್ತವೆ. ಹಳ್ಳಿಯ ಹಿರಿಯರಿಗೆ ಶನಿವಾರ ಭಾನುವಾರ ಎಂದರೆ ತಪ್ಪುತ್ತಾರೆ. ಊರ ಸಂತೆ ಮಾತ್ರ ಯಾರೂ ತಪ್ಪುವುದಿಲ್ಲ. ವಾರ ಎಂದರೆ ಸಂತೆಯಿಂದ ಸಂತೆಗೆ. ಅದಕ್ಕೆ ನಾನು ಡಾಕ್ಟರು ಬರೆದ ವಾರದ ಹೆಸರು ಹೊಡೆದುಹಾಕಿ ಪಾಕೀಟಿನ ಮೇಲೆ ‘ಸಂತೆ ದಿನ’ ಎಂದು ದೊಡ್ಡದಾಗಿ ಬರೆಯುತ್ತಿದ್ದೆ, ಬಾಯಿಂದಲೂ ಹೇಳುತ್ತಿದ್ದೆ. ವರ್ಷಗಟ್ಟಲೆ ಯಾರೂ ತಪ್ಪಲಿಲ್ಲ. ಸಾಹೇಬರು ಇದನ್ನು ಮೇಲಿನವರಿಗೆ ಬರೆದರು. ‘ಜನರ ನುಡಿಯಲ್ಲಿ ಔಷಧ’ ಎಂದು ಹೆಸರಿಟ್ಟರು. ಒಂದು ತರಬೇತಿಯಲ್ಲಿ ನನ್ನನ್ನು ನಿಲ್ಲಿಸಿ ಭಾಷಣ ಮಾಡಿಸಿದರು. ಪ್ರಮಾಣಪತ್ರವೂ ಬಂತು, ಅದರಲ್ಲಿ ಸಾಹೇಬರ ಹೆಸರು ದೊಡ್ಡದು, ನನ್ನದು ಸಣ್ಣದು. ಆದರೂ ನಾನು ಎದೆ ಉಬ್ಬಿಸಿಕೊಂಡು ತಿರುಗಿದೆ. ಬುದ್ಧಿವಂತನಾದೆ ಎಂದು ಅನಿಸಿದ ದಿನವೇ ಮನುಷ್ಯ ದಡ್ಡನಾಗಲು ಶುರು ಮಾಡುತ್ತಾನೆ.

ಅಂಥ ದಿನಗಳಲ್ಲಿ ಕಿಟಕಿಗೆ ಒಂದು ಕೈ ಬಂತು. ಮೊಣಕೈವರೆಗೆ ಹಸಿರು ಬಳೆ. ಚೀಟಿಯಲ್ಲಿ ನೀಲವ್ವ ಎಂದು ಹೆಸರಿತ್ತು, ವಯಸ್ಸು ನಲವತ್ತರ ಆಚೀಚೆ. ತಲೆಯ ಅರ್ಧ ಭಾಗ ಮಚ್ಚೆಯಾಗಿ ಹೋಗಿತ್ತಂತೆ, ಸೂಜಿ ಹಾಕುವಷ್ಟು ಕಡಿಮೆ ಜಾಗವಲ್ಲ. ಬಾಯಾರು ಯೋಚಿಸಿ ಸ್ಟಿರಾಯ್ಡ್ ಗುಳಿಗೆ ಬರೆದಿದ್ದರು. ವಾರದಲ್ಲಿ ಒಂದರ ಹಿಂದೆ ಒಂದು ಎರಡು ದಿನ ಮಾತ್ರ, ನಾಷ್ಟಾ ಆದ ಮೇಲೆ ದಿನಕ್ಕೆ ಹತ್ತು ಸಣ್ಣ ಗುಳಿಗೆ. ಉಳಿದ ಐದು ದಿನ ಏನೂ ಇಲ್ಲ. ದಿನಾಲೂ ನುಂಗಿದರೆ ಮೈಯಲ್ಲಿ ತಾನಾಗಿ ಹುಟ್ಟುವ ಸ್ಟಿರಾಯ್ಡ್ ಬತ್ತಿಹೋಗುತ್ತದೆ, ಸಕ್ಕರೆ, ಬಿಪಿ ಏರುತ್ತವೆ, ಎಲುಬು ಸವೆಯುತ್ತದೆ. ಅದಕ್ಕೇ ಆ ಐದು ದಿನದ ಬಿಡುವು. ತಿಂಗಳಿಗೊಮ್ಮೆ ತೋರಿಸಬೇಕು ಎಂದು ಕೆಳಗೆ ಬರೆದಿತ್ತು.

“ಸಂತಿ ದಿನ ಹತ್ತು, ಮರುದಿನ ಹತ್ತು. ತಿಳೀತೇನವಾ?” ಎಂದೆ.

“ಸಂತಿ ದಿನ ಮತ್ತ ಮರುದಿನ. ತಿಳೀತ್ರಿ ಅಣ್ಣಾರ.”

“ಸಂತಿ ತಪ್ಪಸಬಾರದು.”

“ಸಂತಿ ತಪ್ಪಿಸಿದ್ರ ನನ್ನ ಹೊಟ್ಟಿ ಹೆಂಗ ನಡೀತೈತ್ರಿ?” ಎಂದು ನಕ್ಕ ಸದ್ದು ಕೇಳಿತು. ಆ ಮಾತಿನ ಅರ್ಥ ಏನು ಎಂದು ನಾನು ಕೇಳಲಿಲ್ಲ. ಹಿಂದೆ ನಲವತ್ತು ಕೈಗಳಿದ್ದವು.

ಮುಂದಿನ ಭಾಗವನ್ನು ನಮ್ಮ ಇಲಾಖೆ ಮಾಡಿತು. ಬಾಯಾರನ್ನು ಎರಡೂವರೆ ತಿಂಗಳು ಬೇರೆ ಕಡೆ ಡೆಪ್ಯುಟೇಶನ್ ಮೇಲೆ ಕಳಿಸಿದರು. ಗುರುವಾರದ ಬೋರ್ಡು ಮಾತ್ರ ಹಾಗೆಯೇ ತೂಗುತ್ತಿತ್ತು. ಆ ಗುಳಿಗೆಯ ದಾಸ್ತಾನೂ ಮುಗಿಯಿತು, ನಾನು ಹೊರಗೆ ಕೊಳ್ಳಿರೆಂದು ಚೀಟಿ ಬರೆದುಕೊಟ್ಟೆ. ನೀಲವ್ವನಿಗೂ ಒಂದು ಕೊಟ್ಟಿದ್ದೆ. ಅದರಲ್ಲಿಯೂ ನನ್ನ ಕೈಯಕ್ಷರದಲ್ಲಿ ‘ಸಂತೆ ದಿನ, ಮರುದಿನ’ ಎಂದೇ ಇತ್ತು.

ಒಂದು ಸೋಮವಾರ ಅದೇ ಬಳೆಯ ಕೈ ಪೇಢೆಯ ಪೊಟ್ಟಣ ಹಿಡಿದು ಕಿಟಕಿಗೆ ಬಂತು. “ಅಣ್ಣಾರ, ಹೊರಗ ಬರ್ರಿ, ತೋರಸೂದೈತಿ” ಎಂದಳು. ಹೋದೆ. ಸೆರಗು ಜಾರಿಸಿ ಬೆನ್ನು ತಿರುಗಿಸಿ ನಿಂತಳು. ಎಪ್ಪಾ! ತಲೆತುಂಬ ಕರಿ ಕೂದಲು. ಉದುರದೆ ಉಳಿದದ್ದಕ್ಕೆ ಮೋಟು ಹೆರಳು ಹಾಕಿ ಅಬ್ಬಲಿಗೆ ಮುಡಿದಿದ್ದಳು. ಸಾಲಿನಲ್ಲಿದ್ದವರೆಲ್ಲ ಬಾಯಿ ತೆರೆದು ನೋಡಿದರು. ಮುಖವೂ ತುಂಬಿಕೊಂಡು ದುಂಡಗಾಗಿತ್ತು. “ಮೈ ಭಾಳ ಛಲೋ ಆಗೈತಿ ನಿಂದು” ಎಂದು ಒಬ್ಬ ಮುದುಕಿ ನೆಟಿಗೆ ಮುರಿದಳು. ಸಾಹೇಬರು ಹೊರಗೆ ಬಂದು, “ಇದನ್ನ ವರದಿಯಾಗ ಸೇರಸೋಣ” ಎಂದು ಫೋನಿನಲ್ಲಿ ಚಿತ್ರ ತೆಗೆದು ಒಳಗೆ ಹೋದರು. ನಾನು ಪೇಢೆ ಬಾಯಿಗೆ ಹಾಕಿಕೊಂಡು, ದೊಡ್ಡ ಮನುಷ್ಯನ ಹಾಗೆ ಕೇಳಿದೆ.

“ಗುಳಿಗಿ ಬರೋಬ್ಬರಿ ತಗೊಂಡೀಯಲ್ಲವಾ?”

“ಒಂದೂ ಸಂತಿ ತಪ್ಪಿಸಿಲ್ರಿ ಅಣ್ಣಾರ! ಮುನವಳ್ಳಿ ಸಂತಿ, ಮುರಗೋಡ ಸಂತಿ, ಸವದತ್ತಿ, ರಾಮದುರ್ಗ, ಬೈಲಹೊಂಗಲ. ಕಿತ್ತೂರಿಗೆ ಎರಡ ವಾರಕ್ಕೊಮ್ಮೆ ಹೋಗತೇನಿ, ಅಲ್ಲೂ ತಪ್ಪಿಸಿಲ್ಲ.”

ನಾನು ಬೆರಳು ಮಡಿಸಿ ಊರುಗಳನ್ನು ಎಣಿಸಿದೆ.

ನೀಲವ್ವ ಸಂತೆಯ ವ್ಯಾಪಾರಸ್ಥೆ. ತಲೆ ಬಾಚುವ ಹಣಿಗೆ, ಪಿನ್ನು, ರಿಬ್ಬನ್ನು, ಹೆರಳಿಗೆ ಸೇರಿಸಿ ಕಟ್ಟುವ ಚೌರಿ ಮಾರುವವಳು. ಅವಳಿಗೆ ವಾರದಲ್ಲಿ ಐದು ಸಂತೆ, ಐದೂ ಸಂತೆಗೆ ಐದು ಮರುದಿನ. ನಾನು ಹೇಳಿದ್ದನ್ನು ಅಕ್ಷರ ತಪ್ಪದೆ ಪಾಲಿಸಿದರೆ ವಾರದ ಏಳೂ ದಿನ ಬರುತ್ತದೆ. “ಒಂದ ಸಂತಿ ಮರುದಿನಾನ ಇನ್ನೊಂದ ಸಂತಿ ಬರತೈತಿ. ಅಂವತ್ತ ಇಪ್ಪತ್ತ ನುಂಗಬೇಕೇನು ಅಂತ ವಿಚಾರ ಮಾಡಿದ್ನಿ. ಹತ್ತ ಸಾಕು ಅಂತ ಬಿಟ್ನಿ. ನಾ ಅಷ್ಟ ಮಬ್ಬ ಅಲ್ರಿ” ಎಂದಳು. ಹೊರಗಿನ ಚೀಟಿ ಹರಿಯುತ್ತದೆ ಎಂದು ಅದಕ್ಕೆ ಪ್ಲಾಸ್ಟಿಕ್ ಹಾಕಿಸಿದ್ದಳು. ಒಂದೊಂದು ಊರಿನ ಸಂತೆಯಲ್ಲಿ ಒಂದೊಂದು ಔಷಧದ ಅಂಗಡಿ. ಪ್ರತಿ ಅಂಗಡಿಯವನೂ ಅವಳನ್ನು ವಾರಕ್ಕೊಮ್ಮೆ ನೋಡುತ್ತಿದ್ದ, ವಾರದ ಗುಳಿಗೆ ಕೊಟ್ಟು ಕಳಿಸುತ್ತಿದ್ದ. ನಾಲ್ಕು ತಾಲೂಕಿನಲ್ಲಿ ಒಬ್ಬನಿಗೂ ಪೂರ್ತಿ ಲೆಕ್ಕ ಗೊತ್ತಿರಲಿಲ್ಲ.

ಅವಳ ದುಂಡು ಮುಖ ಆರೋಗ್ಯವಲ್ಲ, ಬಾವು ಎಂದು ಆಗ ಕಣ್ಣಿಗೆ ಬಿತ್ತು. ಬಿಪಿ ನೋಡಿದೆ, ಏರಿತ್ತು. ಕಾಲಲ್ಲಿ ಬಲ ಇಲ್ಲ, ಗಂಟು ಎತ್ತಲು ಆಗುತ್ತಿಲ್ಲ ಎಂದೂ ಅವಳೇ ಹೇಳಿದಳು. ಆಗ ನಾನು ಮಾಡಬೇಕಾದದ್ದು ಒಂದೇ: ಸಾಹೇಬರ ಕೋಣೆಗೆ ಕರೆದುಕೊಂಡು ಹೋಗಿ, ಬಾಯಾರಿಗೆ ಫೋನು ಹಚ್ಚಿ, ಹೀಗಾಗಿದೆ ಎಂದು ಹೇಳುವುದು. ಕೋಣೆ ಹತ್ತು ಹೆಜ್ಜೆಯಲ್ಲಿತ್ತು. ಗೋಡೆಯ ಮೇಲೆ ಪ್ರಮಾಣಪತ್ರವೂ ಇತ್ತು.

ನಾನು ದನಿ ತಗ್ಗಿಸಿ, “ಇವತ್ತಿಂದ ಬಂದ್. ಒಂದೂ ನುಂಗಬ್ಯಾಡ” ಎಂದೆ.

“ಯಾಕ್ರೀ? ಮತ್ತ ಕೂದಲಾ?”

“ಬಂದಾವಲ್ಲ, ಸಾಕು. ಚೀಟಿ ಕೊಡಿಲ್ಲೆ.”

ಪ್ಲಾಸ್ಟಿಕ್ ಹಾಕಿಸಿದ ಚೀಟಿ ಕಸಿದುಕೊಂಡು ಡ್ರಾಯರಿಗೆ ಹಾಕಿದೆ. ಬಹಳ ದಿನ ನುಂಗಿದ ಸ್ಟಿರಾಯ್ಡನ್ನು ಒಮ್ಮೆಲೇ ನಿಲ್ಲಿಸಬಾರದು, ಸ್ವಲ್ಪ ಸ್ವಲ್ಪವಾಗಿ ಇಳಿಸಬೇಕು. ಇದು ನನಗೆ ಗೊತ್ತಿರಲಿಲ್ಲವೇ? ಸಾವಿರ ಜನರಿಗೆ ನಾನೇ ಹೇಳಿದ್ದೇನೆ. ಆದರೆ ಗೊತ್ತಿದ್ದದ್ದೆಲ್ಲ ಹೆದರಿಕೆಯಲ್ಲಿ ತಲೆಯಿಂದ ಹಾರಿಹೋಗುತ್ತದೆ ಎಂದು ಬರೆದರೆ ಅದೂ ಸುಳ್ಳಾಗುತ್ತದೆ. ಹಾರಿಹೋಗಿರಲಿಲ್ಲ. ಡೆಪ್ಯುಟೇಶನ್ ಮುಗಿಸಿ ಗುರುವಾರ ಬಾಯಾರು ಬರುವವರಿದ್ದರು, ಮೂರು ದಿನದಲ್ಲಿ ಏನಾಗುತ್ತದೆ, ಮೆಲ್ಲಗೆ ಅವರ ಕಿವಿಗೆ ಹಾಕಿ ಸರಿಮಾಡಿಕೊಂಡರಾಯಿತು ಎಂದುಕೊಂಡೆ. ನಾಚಿಕೆಯಾಗಬೇಕು ನನಗೆ.

ಗುರುವಾರ ಮಧ್ಯಾಹ್ನ ನೀಲವ್ವನ ಮೈದುನ ಅವಳನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದ. ಸಂತೆಯಲ್ಲಿ ಕೂತಲ್ಲೇ ವಾಂತಿ ಮಾಡಿಕೊಂಡು ಬಿದ್ದಿದ್ದಳು. ಕಣ್ಣು ಅರೆತೆರೆದಿದ್ದವು, ಮೈ ತಣ್ಣಗೆ ಬೆವೆತಿತ್ತು. “ದೃಷ್ಟಿ ಆಗೈತ್ರಿ, ಎಲ್ಲಾರೂ ಕೂದಲಾ ನೋಡಿ ನೋಡಿ ಹೊಟ್ಟಿಕಿಚ್ಚ ಪಟ್ಟಾರ” ಎಂದು ಅವನು ಅಳುತ್ತಿದ್ದ. “ಸಂತ್ಯಾಗಿಂದು ಭಜಿ ತಿಂದಿರಬೇಕು” ಎಂದು ಸಾಹೇಬರು ಸಲಾಯಿನ್ ಹಚ್ಚಿಸಿದರು. ಒಂದು ಬಾಟಲಿ ಇಳಿಯಿತು, ಬಿಪಿ ಏಳಲಿಲ್ಲ. ನಾಡಿ ದಾರದ ಹಾಗೆ ಸಣ್ಣಗಾಗುತ್ತಿತ್ತು. ಅಷ್ಟರಲ್ಲಿ ಬಾಯಾರು ಓಡಿ ಬಂದು ಅವಳನ್ನು ನೋಡಿ, ಬಾತ ಮುಖದಲ್ಲಿ ಗುರುತು ಸಿಗದೆ, “ಈಕಿ ಏನರ ಗುಳಿಗಿ ತಗೋತಿದ್ಳೇನು?” ಎಂದು ಸುತ್ತಲೂ ಕೇಳಿದರು.

ಬಾಗಿಲಲ್ಲಿ ನಿಂತಿದ್ದ ನಾನು ಬಾಯಿ ತೆರೆದೆ. “ಸ್ಟಿರಾಯ್ಡ್ ದಿನಾಲೂ ನುಂಗ್ಯಾಳ್ರಿ ಮೇಡಂ. ಸಂತಿ ಲೆಕ್ಕ ತಪ್ಪಿ ಏಳೂ ದಿನ. ಸೋಮವಾರದಿಂದ ಬಂದಾಗೈತಿ.”

ಬಾಯಾರು ಬೇರೇನೂ ಕೇಳಲಿಲ್ಲ. ಸ್ಟಿರಾಯ್ಡ್ ಇಂಜೆಕ್ಷನ್ನಿನ ಹೆಸರು ಕೂಗಿದರು. ನಾನು ಓಡಿ ತಂದೆ. ಸೀಸೆಯನ್ನು ನಾನೇ ಒಡೆಯಲು ಹೋದಾಗ ನರ್ಸು ಅದನ್ನು ಕಸಿದುಕೊಂಡಳು. ಶಿವನೇ, ಈಕೆ ಉಳಿದರೆ ಸಾಕು ಎಂದು ಬೇಡಿಕೊಂಡೆ. ಹರಕೆ ಹೊತ್ತವನಲ್ಲ ನಾನು, ಅವತ್ತು ಹೊತ್ತೆ. ಸಂಜೆಯಾಗುವ ಹೊತ್ತಿಗೆ ಬಿಪಿ ಮೇಲಕ್ಕೆ ಬಂತು. ನೀಲವ್ವ ಕಣ್ಣು ಬಿಟ್ಟು ನೀರು ಕೇಳಿದಳು.

ಆಗ ಬಾಯಾರು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು ನನ್ನನ್ನು ಕೇಳಿದರು. “ಒಮ್ಮೆಲೇ ಬಿಡು ಅಂತ ಯಾರ ಹೇಳಿದ್ರು?”

ಸಾಹೇಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. “ಕೂದಲಾ ಬಂದಾವಂತ ತಾನ ಬಿಟ್ಟಾಳ್ರಿ” ಎಂದೆ.

ಹೌದು, ಹಾಗೇ ಹೇಳಿದೆ. ಅವಳ ಜೀವ ಉಳಿಸುವಷ್ಟು ಸತ್ಯ ಹೇಳಿದ್ದೆ, ನನ್ನ ಮರ್ಯಾದೆ ಉಳಿಸುವಷ್ಟನ್ನು ಇಟ್ಟುಕೊಂಡಿದ್ದೆ. ಬಾಯಾರು ಅವಳ ಕಡೆ ತಿರುಗಿ, “ಹೌದೇನವಾ? ನೀನ ಬಿಟ್ಟೇನು?” ಎಂದು ಕೇಳಿದರು. ನೀಲವ್ವ ನನ್ನ ಕಡೆ ನೋಡಿದಳು. ಆಮೇಲೆ, “ಹೌದ್ರಿ ಬಾಯಾರ, ನಾನ ಬಿಟ್ನಿ” ಎಂದಳು.

ಸಾಹೇಬರು ನಿರಾಳವಾಗಿ ವರದಿ ಬರೆದರು. ರೋಗಿಯು ಸೂಚನೆಯನ್ನು ತಪ್ಪಾಗಿ ತಿಳಿದು ಹೆಚ್ಚು ಸೇವಿಸಿ, ನಂತರ ಸ್ವಇಚ್ಛೆಯಿಂದ ನಿಲ್ಲಿಸಿದ್ದರಿಂದ ಹೀಗಾಗಿದೆ ಎಂದು. ಓದಲು ಬಾರದ ಹೆಂಗಸು, ಏನು ಮಾಡುವುದು ಎಂದು ಎಲ್ಲರೂ ತಲೆಯಾಡಿಸಿದರು. ನಾನು ಕೆಳಗೆ ಸಹಿ ಹಾಕಿದೆ. ಫೋನಿನಲ್ಲಿದ್ದ ಚಿತ್ರವನ್ನು ಸಾಹೇಬರು ಅಳಿಸಿಹಾಕಿದರು. ರಜಿಸ್ಟರ್ ಮತ್ತೆ ಆರೋಗ್ಯವಾಯಿತು.

ನೀಲವ್ವನಿಗೆ ಗುಳಿಗೆಯನ್ನು ವಾರವಾರ ಸ್ವಲ್ಪ ಇಳಿಸುತ್ತಾ ತಿಂಗಳುಗಟ್ಟಲೆ ಕೊಡಬೇಕಾಯಿತು. ಎಷ್ಟು, ಯಾವ ದಿನ ಎಂದು ನಾನು ಹೇಳುತ್ತಿದ್ದೆ, ಆಮೇಲೆ ಅವಳ ಬಾಯಿಂದ ಹೇಳಿಸುತ್ತಿದ್ದೆ. ಅವಳು ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ, ನಾನೂ ಅವಳ ಮುಖ ನೋಡುತ್ತಿರಲಿಲ್ಲ. ಗುಳಿಗೆ ಇಳಿದ ಹಾಗೆ ಕೂದಲೂ ಇಳಿಯಿತು. ಮೊದಲು ಕಿವಿಯ ಮೇಲೆ, ಆಮೇಲೆ ನೆತ್ತಿ.

ಒಂದು ಗುರುವಾರ ಅವಳು ಬರಲಿಲ್ಲ. ನನಗೆ ಕೂರಲಾಗಲಿಲ್ಲ. ಮಧ್ಯಾಹ್ನ ಊಟಕ್ಕೆಂದು ಹೇಳಿ ಸಂತೆಗೆ ಹೋದೆ. ಹಣಿಗೆ, ರಿಬ್ಬನ್ನು, ಚೌರಿಗಳ ನಡುವೆ ಕೂತಿದ್ದಳು. ಸೆರಗು ಹೆಗಲ ಮೇಲಿತ್ತು, ಮಚ್ಚೆ ಮಚ್ಚೆ ತಲೆ ಬಿಸಿಲಿಗೆ ತೆರೆದಿತ್ತು. ನನ್ನನ್ನು ನೋಡಿ ಗೋಣಿ ತಟ್ಟು ಝಾಡಿಸಿ ಹಾಕಿದಳು.

“ಕುಂದರ್ರಿ ಅಣ್ಣಾರ. ಇವತ್ತ ಗಿರಾಕಿ ಭಾಳ, ಸಂಜಿಕ್ಕ ಬರಬೇಕಂತ ಮಾಡಿದ್ನಿ. ಗುಳಿಗಿ ತಗೊಂಡೇನಿ, ಹೆದರಬ್ಯಾಡ್ರಿ.”

“ತಲಿ ಮ್ಯಾಲ ಸೆರಗರ ಹಾಕ್ಕೋಬಾರದೇನವಾ?”

“ಸಾಕಾತ್ರಿ. ಮುಚ್ಚಿಕೊಂಡ ಕುಂತ್ರ ಎಲ್ಲಾರೂ ಇಣಿಕಿ ನೋಡ್ತಾರ. ತೆಗದ ಕುಂತ್ರ ಒಮ್ಮೆ ನೋಡಿ ಹಣಿಗಿ ತಗೊಂಡ ಹೋಗ್ತಾರ.”

ನಾನು ತಟ್ಟಿನ ಮೇಲೆ ಕೂತೆ. ಬಹಳ ದಿನದಿಂದ ಬಾಯಲ್ಲಿದ್ದದ್ದನ್ನು ಕೇಳಿಯೇಬಿಟ್ಟೆ. “ಅಂವತ್ತ ಬಾಯಾರ ಮುಂದ ಯಾಕ ಸುಳ್ಳ ಹೇಳಿದಿ? ಬಿಡು ಅಂದಾಂವ ನಾ ಅಲ್ಲೇನು?”

ಅವಳು ಒಂದು ಚೌರಿಯ ಸಿಕ್ಕು ಬಿಡಿಸುತ್ತಿದ್ದಳು. ಅದನ್ನು ಮಡಿಲಲ್ಲಿಟ್ಟುಕೊಂಡಳು.

“ನಿಮ್ಮನ್ನ ತಗದ ಹಾಕಿದ್ರ ಆ ಕಿಟಕ್ಯಾಗ ಮತ್ಯಾರೋ ಬಂದ ಕುಂದರತಾರ. ಅವರೆಲ್ಲಾ ಖರೇ ಹೇಳ್ತಾರ್ರಿ, ನಮಗ ತಿಳಿಯಂಗಿಲ್ಲ. ನೀವು ತಪ್ಪ ಹೇಳಿದ್ರಿ. ಆದ್ರ ನನಗ ತಿಳಿಯೂವಂಗ ಹೇಳಿದ್ರಿ. ಇನ್ನೊಮ್ಮೆ ನನಗ ಯಾರ ಹಂಗ ಹೇಳ್ತಾರ?”

ಅವಳು ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಎದ್ದು ಆಸ್ಪತ್ರೆಗೆ ನಡೆದೆ. ಬಾಯಾರು ಕೊನೆಯ ರೋಗಿಯನ್ನು ನೋಡಿ ಕೈ ತೊಳೆಯುತ್ತಿದ್ದರು. ಸಾಹೇಬರು ಪಕ್ಕದಲ್ಲೇ ರಜಿಸ್ಟರ್ ತಿರುವುತ್ತಿದ್ದರು. ನಾನು ಕಿಟಕಿಯ ಕಡೆ ಹೋಗದೆ ಅವರಿಬ್ಬರ ಎದುರಿಗೆ ಹೋಗಿ ನಿಂತೆ.

“ಮೇಡಂ, ನೀಲವ್ವ ಗುಳಿಗಿ ಬಿಡಲಿಲ್ರಿ” ಎಂದೆ. “ನಾನ ಬಿಡಿಸಿದೆ.”